ನೋವಿನ ಕಾಲಂನಲ್ಲಿ ಬರೆದ ಸೊನ್ನೆ

ಹಾಸನದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ನನಗೆ, ವಯಸ್ಸಾದವರ ಕೇಸ್‌ಶೀಟಿನ ನೋವಿನ ಕಾಲಂನಲ್ಲಿ ಸೊನ್ನೆ ಕಂಡರೆ ಈಗ ನಂಬಿಕೆ ಬರುವುದಿಲ್ಲ. ಆಲೂರು ಕಡೆಯಿಂದ ಬಂದಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಜೊತೆಗೆ ಮರೆವಿನ ಕಾಯಿಲೆಯೂ ಇತ್ತು. ರೌಂಡ್ಸ್‌ನಲ್ಲಿ ಯಾರು ಕೇಳಿದರೂ "ಏನಿಲ್ಲ ಕಣವ್ವ" ಎನ್ನುತ್ತಿದ್ದರು. ಆ ಸೊನ್ನೆಯೇ ಹ್ಯಾಂಡೋವರ್‌ನಲ್ಲಿ ಪಾಳಿಯಿಂದ ಪಾಳಿಗೆ ದಾಟುತ್ತಿತ್ತು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯನ್ನು ಎಸ್‌ಓಎಸ್, ಅಂದರೆ ಬೇಕೆನಿಸಿದಾಗ ಮಾತ್ರ, ಎಂದು ಬರೆದಿದ್ದರು. ಅಜ್ಜಿ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ರಾತ್ರಿ ಪಾಳಿಯಲ್ಲಿ ಮಗ್ಗುಲು ಬದಲಿಸಲೆಂದು ಸೊಂಟದ ಕೆಳಗೆ ಕೈ ಹಾಕಿದೊಡನೆ ಅವರು ಮಂಚದ ಕಂಬಿಯನ್ನು ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದರು. ಹುಬ್ಬು ಗಂಟಿಕ್ಕಿತು, ಹಲ್ಲು ಕಚ್ಚಿಕೊಂಡರು, ಉಸಿರು ಏರತೊಡಗಿತು, ಬಾಯಿಂದ ಮಾತ್ರ ಸದ್ದಿಲ್ಲ. ಹೇಳಿಕೊಳ್ಳಲಾಗದ ಮರೆವಿನ ರೋಗಿಗಳಿಗಾಗಿಯೇ ಇರುವ ಪೇನ್ಯಾಡ್ ಅಳತೆಯಲ್ಲಿ ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಶಮನವಾಗುವುದೇ ಎಂಬ ಐದಕ್ಕೂ 0ಯಿಂದ 2ರವರೆಗೆ ಅಂಕವಿದೆ. ಎಣಿಸಿದಾಗ 10ಕ್ಕೆ 6 ಬಂತು.

ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರಿಗೆ ಮಾರ್ಫಿನ್ ಕೊಟ್ಟರೆ ಉಸಿರಾಟ ಕುಗ್ಗೀತೆಂಬ ಭಯ. ಮಗ ಬಾಗಿಲ ಬಳಿ ನಿಂತು, "ಅದು ಕೊನೇಗಾಲಕ್ಕೆ ಕೊಡೋ ಔಷಧಿ ಅಲ್ವಾ ಸಿಸ್ಟರ್? ಅಭ್ಯಾಸ ಆಗಿಬಿಟ್ರೆ?" ಎಂದರು. ಮೂತ್ರಪಿಂಡದ ವರದಿ ನೋಡಿ, ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸಿದರೆ ಉಸಿರಾಟ ಕುಗ್ಗುವ ಅಪಾಯ ವಿರಳವೆಂದೂ, ಕ್ಯಾನ್ಸರ್ ನೋವಿನ ಔಷಧಿಯನ್ನು ಗಡಿಯಾರ ನೋಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆಯೆಂದೂ ಇಬ್ಬರಿಗೂ ವಿವರಿಸಿದೆ. ವೈದ್ಯರು ಹಿರಿಯರಿಗೆ ಫೋನ್ ಮಾಡಿ ಆದೇಶ ಬರೆದರು. ಆದರೆ ಮಾರ್ಫಿನ್ ಇಡುವ ಬೀರುವಿನ ಕೀಲಿ ವಾರ್ಡ್ ಇನ್‌ಚಾರ್ಜ್ ಬಳಿ, ಅವರು ಕ್ವಾರ್ಟರ್ಸ್‌ನಲ್ಲಿ! ಅವರು ಬಂದು ರಿಜಿಸ್ಟರ್‌ನಲ್ಲಿ ಸಹಿಯಾಗುವವರೆಗೂ ಅಜ್ಜಿಯ ಕೈ ಕಂಬಿಯ ಮೇಲೆಯೇ ಇತ್ತು. ಮಾದಕ ವಸ್ತುಗಳ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ, ಮಾರ್ಫಿನ್ ಇಡುವುದಕ್ಕೆ ಆಸ್ಪತ್ರೆಗಳಿಗಿದ್ದ ಪರವಾನಗಿಗಳ ತೊಡಕು ಸಡಿಲಗೊಂಡಿದೆ. ರಾತ್ರಿ ಪಾಳಿಗೆ ಕೀಲಿಯ ಜವಾಬ್ದಾರಿ ಒಪ್ಪಿಸುವುದನ್ನು ಯಾವ ಕಾನೂನೂ ತಡೆದಿರಲಿಲ್ಲ.

ಮಾತ್ರೆ ಕೊಟ್ಟು ಒಂದು ಗಂಟೆಯ ನಂತರ ಮತ್ತೆ ಹೊರಳಿಸಿದಾಗ ಅವರ ಬೆರಳುಗಳು ಸಡಿಲವಾಗಿದ್ದವು. ಬೆಳಗಿನ ರೌಂಡ್ಸ್‌ನಲ್ಲಿ ಆದೇಶ 4 ಗಂಟೆಗೊಮ್ಮೆ ಎಂದು ಬದಲಾಯಿತು. ಮಾರ್ಫಿನ್‌ನಿಂದ ಮಲಬದ್ಧತೆ ಬರುವುದು ಬಹುತೇಕ ಖಚಿತವಾದ್ದರಿಂದ ಮಲ ಸಡಿಲಿಸುವ ಔಷಧಿಯೂ ಅಂದಿನಿಂದಲೇ ಸೇರಿತು.

ಈಗ ನಮ್ಮ ವಾರ್ಡಿನಲ್ಲಿ ಅಂಕವನ್ನು ಮಲಗಿದ್ದಾಗ ಒಮ್ಮೆ, ಹೊರಳಿಸುವಾಗ ಒಮ್ಮೆ ತೆಗೆಯುತ್ತೇವೆ. ಮುದ್ರಿತ ಫಾರಂನಲ್ಲಿ ಒಂದೇ ಚೌಕವಿರುವುದರಿಂದ ಎರಡನೆಯದನ್ನು ಅಂಚಿನಲ್ಲಿ ಪೆನ್ನಿನಿಂದ ಬರೆಯಬೇಕಾಗಿದೆ. ಹೊಸ ಫಾರಂಗಾಗಿ ಕೊಟ್ಟ ಮನವಿಗೆ ಉತ್ತರ ಬಂದಿಲ್ಲ, ರಾತ್ರಿಯ ಕೀಲಿಯ ವಿಷಯಕ್ಕೂ ಬಂದಿಲ್ಲ.