ಮೊಬೈಲ್ ರಿಂಗಾಗದ ಬೆಟ್ಟಸೀಮೆಯಿಂದ

"ಯಾಕೋ ಫೋನ್ ಎತ್ತಲ್ಲ?" ಅಂತ ಅಮ್ಮ ವಾರಕ್ಕೊಮ್ಮೆಯಾದರೂ ಬೈಯುತ್ತಾಳೆ. ಎತ್ತೋದೇನು, ಇಲ್ಲಿ ಮೊಬೈಲ್ ರಿಂಗೇ ಆಗುವುದಿಲ್ಲ. ಅದಕ್ಕೆ ಕಾರಣ ಈ ಊರಿನ ಬೆಟ್ಟಗಳು. ಆ ಕತೆಯನ್ನೇ ಇವತ್ತು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪೋಕಹಾಂಟಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಗ್ರೀನ್ ಬ್ಯಾಂಕ್ ಅನ್ನುವ ಹಳ್ಳಿಯಲ್ಲಿ. ಕೌಂಟಿಯ ವಿಸ್ತಾರ ಸುಮಾರು 2,440 ಚದರ ಕಿಲೋಮೀಟರ್. 2020ರ ಜನಗಣತಿ ಪ್ರಕಾರ ಇರುವ ಜನ 7,869. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯಲ್ಲೇ ಇಷ್ಟು ಜನ ಸಿಗುತ್ತಾರೆ, ಅಲ್ವಾ?

ಎಂಟು ನದಿಗಳು ಇಲ್ಲಿಯೇ ಹುಟ್ಟುತ್ತವೆ. ಗ್ರೀನ್‌ಬ್ರಯರ್, ಗಾಲಿ, ಎಲ್ಕ್, ಚೆರ್ರಿ, ಕ್ರ್ಯಾನ್‌ಬೆರಿ, ವಿಲಿಯಮ್ಸ್, ಟೈಗಾರ್ಟ್, ಶೇವರ್ಸ್ ಫೋರ್ಕ್. ಪೂರ್ವಕ್ಕೆ ಅಲೆಗೆನಿ ಬೆಟ್ಟಸಾಲು. ಅದರ ನೆತ್ತಿಯ ಆಚೆ ಬಿದ್ದ ಮಳೆ ಅಟ್ಲಾಂಟಿಕ್ ಸೇರುತ್ತದೆ. ಈಚೆ ಬಿದ್ದದ್ದು ಓಹಾಯೋ, ಮಿಸಿಸಿಪ್ಪಿ ನದಿಗಳನ್ನು ಕೂಡಿಕೊಂಡು ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ.

ಇಲ್ಲಿ ಮೊದಲು ನೆಲೆಸಿದ ಬಿಳಿಯರು ಜೇಕಬ್ ಮಾರ್ಲಿನ್ ಮತ್ತು ಸ್ಟೀಫನ್ ಸೆವೆಲ್. 1749ರಲ್ಲಿ ಬಂದರು. ಕಾಡಿನಲ್ಲಿದ್ದವರು ಇಬ್ಬರೇ. ಆದರೂ ಧರ್ಮದ ವಿಷಯಕ್ಕೆ ಜಗಳವಾಗಿ, ಸೆವೆಲ್ ಗುಡಿಸಲು ಬಿಟ್ಟು ಹತ್ತಿರದ ಸಿಕಮೋರ್ ಮರದ ಪೊಟರೆಯಲ್ಲಿ ಇರತೊಡಗಿದ. ಬೆಳಿಗ್ಗೆ ಎದ್ದು ಇಬ್ಬರೂ ಪರಸ್ಪರ ನಮಸ್ಕಾರ ಹೇಳುತ್ತಿದ್ದರಂತೆ. ಕೌಂಟಿಯ ಮುಖ್ಯ ಊರು ಮಾರ್ಲಿಂಟನ್‌ಗೆ ಆ ಮಾರ್ಲಿನ್‌ನದೇ ಹೆಸರು.

ಆಮೇಲೆ ಬಂದದ್ದು ಮರದ ಕಾಲ. 1901ರಲ್ಲಿ ಕ್ಯಾಸ್ ಅನ್ನುವ ಊರನ್ನು ಒಂದು ಕಾಗದದ ಕಂಪನಿ ಕಟ್ಟಿತು. ಬೆಟ್ಟದ ಮೇಲಿನ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರಗಳನ್ನು ಕಡಿದು, ರೈಲಿನಲ್ಲಿ ಇಳಿಸಿ, ಕಾಗದಕ್ಕೂ ಹಲಗೆಗೂ ಕಳಿಸಿದರು. ಬೆಟ್ಟಗಳು ಬೋಳಾದವು. 1960ರಲ್ಲಿ ಮಿಲ್ ಮುಚ್ಚಿತು. ಕೆಲಸ ಹೋಯಿತು, ಜನ ಊರು ಬಿಟ್ಟರು. ನೂರು ವರ್ಷದ ಹಿಂದೆ ಇಲ್ಲಿ ಈಗಿನ ಸುಮಾರು ಎರಡರಷ್ಟು ಜನರಿದ್ದರು.

ಆ ರೈಲು ಮಾತ್ರ ಉಳಿದಿದೆ. 1963ರಿಂದ ಪ್ರವಾಸಿಗಳನ್ನು ಹೊರುತ್ತಿದೆ. ದಿಮ್ಮಿ ಸಾಗಿಸುತ್ತಿದ್ದ ಗಾಡಿಗಳಿಗೇ ಮಾಡು, ಬೆಂಚು ಹಾಕಿದ್ದಾರೆ. ಶೇ ಅನ್ನುವ ಈ ಉಗಿಬಂಡಿಯ ಬಲಗಡೆ ನಿಂತು ನೋಡಬೇಕು. ಪಿಸ್ಟನ್‌ಗಳು ನೆಟ್ಟಗೆ ಮೇಲೆ ಕೆಳಗೆ ಆಡುತ್ತವೆ. ಕೆಳಗೆ ಉದ್ದದ ಸರಳು ತಿರುಗಿ, ಹಲ್ಲುಗಾಲಿಗಳು ಒಂದೊಂದು ಚಕ್ರವನ್ನೂ ತಿರುಗಿಸುತ್ತವೆ. ಕೆಲವು ಕಡೆ ನೂರು ಅಡಿಗೆ 11 ಅಡಿ ಏರು! ತೀರಾ ಕಡಿದಾದ ಕಡೆ ರೈಲು ನಿಂತು, ಹಳಿ ಬದಲಿಸಿ, ಹಿಂದುಹಿಂದಕ್ಕೆ ಹತ್ತುತ್ತದೆ. ಮೇಲೆ ಬಾಲ್ಡ್ ನಾಬ್ ಅನ್ನುವ ಶಿಖರ, 1,476 ಮೀಟರ್ ಎತ್ತರ. ಈಗ ಅಲ್ಲಿ ಸ್ಪ್ರೂಸ್ ಮತ್ತೆ ಬೆಳೆದಿದೆ. ಅದನ್ನು ನೋಡಿ ನನಗೆ ನಿಜಕ್ಕೂ ಹೊಟ್ಟೆ ತಣ್ಣಗಾಯಿತು.

ಇನ್ನು ಫೋನಿನ ವಿಷಯ. ಸುತ್ತ ಬೆಟ್ಟವಿದ್ದರೆ ಹೊರಗಿನ ರೇಡಿಯೋ ಅಲೆ ಒಳಗೆ ಬರುವುದು ಕಡಿಮೆ. ಆಕಾಶದಿಂದ ಬರುವ ತೀರಾ ಕ್ಷೀಣವಾದ ರೇಡಿಯೋ ಅಲೆಗಳನ್ನು ಕೇಳುವ ಖಗೋಳ ವಿಜ್ಞಾನಿಗಳಿಗೆ ಅದೇ ಬೇಕು. ಹಾಗಾಗಿ ಅವರು ರೇಡಿಯೋ ದೂರದರ್ಶಕ ನಿಲ್ಲಿಸಲು ಗ್ರೀನ್ ಬ್ಯಾಂಕ್ ಆರಿಸಿಕೊಂಡರು. 1958ರಲ್ಲಿ ಸುತ್ತಲಿನ ಸುಮಾರು 34,000 ಚದರ ಕಿಲೋಮೀಟರನ್ನು ರೇಡಿಯೋ ಮೌನವಲಯ ಅಂತ ಘೋಷಿಸಿದರು. ಅಂದರೆ ಮೊಬೈಲ್ ಟವರಿನಂಥ, ರೇಡಿಯೋ ಅಲೆ ಹೊರಡಿಸುವ ಸಾಧನಗಳಿಗೆ ಇಲ್ಲಿ ಕಡಿವಾಣ. ಫೋನ್ ರಿಂಗಾಗದಿರುವುದು ಅದಕ್ಕೇ. 1960ರಲ್ಲಿ ಫ್ರ್ಯಾಂಕ್ ಡ್ರೇಕ್ ಅನ್ನುವ ಖಗೋಳ ವಿಜ್ಞಾನಿ ಇಲ್ಲಿಂದಲೇ ಎರಡು ನಕ್ಷತ್ರಗಳ ಕಡೆ ಕಿವಿಯಿಟ್ಟು, ಅಲ್ಲಿ ಯಾರಾದರೂ ಇದ್ದಾರಾ ಅಂತ ಹುಡುಕಿದರು. 1988ರ ನವೆಂಬರ್ 15ರ ರಾತ್ರಿ ಇಲ್ಲಿನ ಹಳೆಯ ದೊಡ್ಡ ದೂರದರ್ಶಕ ಕುಸಿದುಬಿತ್ತು. ಅದರ ಬದಲು ಕಟ್ಟಿದ್ದು 2000ದಲ್ಲಿ ಮುಗಿಯಿತು. ಬಟ್ಟಲಿನ ಅಗಲವೇ 100 ಮೀಟರ್. ಹುಲ್ಲುಗಾವಲಿನಲ್ಲಿ ಹಸುಗಳು ಮೇಯುತ್ತಿರುತ್ತವೆ, ಅವುಗಳ ಹಿಂದೆ ಈ ಬಿಳಿ ಬಟ್ಟಲು ಸದ್ದಿಲ್ಲದೆ ತಿರುಗುತ್ತದೆ. ಪೆಟ್ರೋಲ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಕಿಡಿಯೂ ತೊಂದರೆ ಕೊಡುವುದರಿಂದ ಅದರ ಹತ್ತಿರ ಡೀಸೆಲ್ ಗಾಡಿಗಳೇ ಓಡಾಡಬೇಕು.

ನಾನು ಗೌರಿಬಿದನೂರು ಕಡೆಯವನು. ನಮ್ಮಲ್ಲೂ ರೇಡಿಯೋ ದೂರದರ್ಶಕ ಇದೆ. ಬಯಲಲ್ಲಿ ಸಾಲುಸಾಲು ಕಂಬ, ತಂತಿ. ಚಿಕ್ಕವನಿದ್ದಾಗ ಅದೇನೋ ಕರೆಂಟಿನದು ಅಂದುಕೊಂಡಿದ್ದೆ. ಅದೂ ಆಕಾಶವನ್ನು ಕೇಳುತ್ತಿತ್ತು ಅಂತ ಅರ್ಥವಾಗಲು ನಾನು ಇಷ್ಟು ದೂರ ಬರಬೇಕಾಯಿತು.

ಅಮ್ಮಾ, ಲ್ಯಾಂಡ್‌ಲೈನ್ ನಂಬರ್ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಟ್ಟು ಬಂದಿದ್ದೀನಿ. ಅದಕ್ಕೆ ಮಾಡು.