ಹೋಮ್ಸ್ ಕೌಂಟಿಯಲ್ಲಿ ಹೊಲಿಸಿದ ವೆಲ್ಡಿಂಗ್ ಜಾಕೆಟ್

ಊರಿಂದ ಅಪ್ಪ ಅಮ್ಮ ಬಂದರೆ ಅಮೆರಿಕದ ಓಹಾಯೊದ ಕನ್ನಡಿಗರು ಅವರನ್ನು ಒಂದು ದಿನ, ಸರಳ ಬದುಕು ನಡೆಸುವ ಆಮಿಶ್ ಕ್ರೈಸ್ತರ ಊರುಗಳಿಗೆ ಕರೆದುಕೊಂಡು ಹೋಗುತ್ತಾರೆ. ಕುದುರೆ ಗಾಡಿ ನೋಡಿ, ಚೀಸ್ ಕೊಂಡು, ಪೈ ತಿಂದು, ಸಂಜೆಗೆ ಮನೆ. ನಾನೂ ಹಾಗೆ ಹೋಗಿ ಬಂದವನೇ. ಈ ಸಲ ಮಾತ್ರ ಬೇರೆ ಕೆಲಸವಿತ್ತು. ವೆಲ್ಡಿಂಗ್‌ಗೆ ಹಾಕಿಕೊಳ್ಳುವ ಚರ್ಮದ ಜಾಕೆಟ್ ಮತ್ತು ಏಪ್ರನ್ ಹೊಲಿಸಬೇಕಿತ್ತು.

ನಾನು ಕೊಲಂಬಸ್‌ನಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ಈ ರಾಜ್ಯ ಒಂಥರಾ ವೆಲ್ಡಿಂಗ್ ಸೀಮೆ. ಲಿಂಕನ್ ಎಲೆಕ್ಟ್ರಿಕ್ ಕಂಪನಿ 1895ರಲ್ಲಿ ಶುರುವಾದದ್ದು ಇಲ್ಲಿನ ಕ್ಲೀವ್‌ಲ್ಯಾಂಡ್‌ನಲ್ಲಿ. ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ವೆಲ್ಡಿಂಗ್‌ಗೆ ಅಂತಲೇ ಎಂಜಿನಿಯರಿಂಗ್ ಡಿಗ್ರಿ ಇದೆ. ಇಷ್ಟೆಲ್ಲ ಇದ್ದರೂ ಐದಡಿ ನಾಲ್ಕಿಂಚಿನ ಮನುಷ್ಯನಿಗೆ ಹಿಡಿಸುವ ಜಾಕೆಟ್ ಸಿಗುವುದಿಲ್ಲ. ಸ್ಮಾಲ್ ಸೈಜ್ ತಗೊಂಡರೂ ತೋಳು ಬೆರಳಿನವರೆಗೆ ಇಳಿಯುತ್ತದೆ. ಮಡಚಿಕೊಳ್ಳೋಣ ಅಂದರೆ ಕಿಡಿ ಹೋಗಿ ಕೂರುವುದೇ ಆ ಮಡಿಕೆಯಲ್ಲಿ. ಬೆಂಕಿ ಕೆಲಸದಲ್ಲಿ ಮಡಿಕೆ, ತೆರೆದ ಜೇಬು, ಸಡಿಲ ಕಾಲರ್ ಮೂರೂ ಕೂಡದು.

ಒಟ್ಟಿಗೆ ಕೆಲಸ ಮಾಡುವವರೊಬ್ಬರು ದಾರಿ ತೋರಿಸಿದರು. ಹೋಮ್ಸ್ ಕೌಂಟಿಯಲ್ಲಿ ಕುದುರೆ ಸಾಮಾನು ಹೊಲಿಯುವ ಆಮಿಶ್ ಒಬ್ಬರು ವೆಲ್ಡರ್‌ಗಳಿಗೂ ಮಾಡಿಕೊಡುತ್ತಾರಂತೆ. ನಂಬರಿಗೆ ಫೋನ್ ಮಾಡಿದರೆ ಮೆಸೇಜ್ ಮಷೀನ್. ಫೋನ್ ಇರುವುದು ಮನೆಯೊಳಗಲ್ಲ, ದಾರಿ ಪಕ್ಕದ ಪುಟ್ಟ ಮರದ ಗೂಡಿನಲ್ಲಿ. ಅಕ್ಕಪಕ್ಕದ ಮನೆಯವರಿಗೂ ಅದೇ. ವಿಳಾಸ ಹೇಳಿ ಇಟ್ಟೆ. ಉತ್ತರ ಅಂಚೆ ಕಾರ್ಡಿನಲ್ಲಿ ಬಂತು. ಪೆನ್ಸಿಲ್‌ನಲ್ಲಿ ಬರೆದದ್ದು. ಹಳೇ ಜಾಕೆಟ್ ಒಗೆಯದೆ ತನ್ನಿ, ಭಾನುವಾರ ಬೇಡ. ಇಷ್ಟೇ.

ಕೊಲಂಬಸ್‌ನಿಂದ 62ನೇ ಹೆದ್ದಾರಿ ಹಿಡಿದರೆ ಹೆಚ್ಚುಕಮ್ಮಿ ಎರಡು ಗಂಟೆ. ಯೂಟಿಕಾವರೆಗೆ ಜೋಳ, ಸೋಯಾ, ಮತ್ತೆ ಜೋಳ. ಡ್ಯಾನ್‌ವಿಲ್ ದಾಟಿದ ಮೇಲೆ ನೆಲ ಏರಿಳಿಯುತ್ತದೆ, ರಸ್ತೆ ಸುತ್ತುತ್ತದೆ. ಮಿಲರ್ಸ್‌ಬರ್ಗ್ ಬರುವ ಹೊತ್ತಿಗೆ ಕಪ್ಪು ಬಗ್ಗಿ ಗಾಡಿಗಳು ಶುರು. ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ, ಮುಂದೆ ಒಂದು ಕುದುರೆ. ಇಲ್ಲಿ ಹಳೇ ರೈಲು ಹಳಿ ಕಿತ್ತು ಮಾಡಿದ ದಾರಿ ಒಂದಿದೆ. ಅದರಲ್ಲಿ ಒಂದು ಕಡೆ ಸೈಕಲ್ ಮತ್ತು ನಡೆಯುವವರು, ಇನ್ನೊಂದು ಕಡೆ ಬಗ್ಗಿಗಳು. ಹೀಗೆ ಗಾಡಿಗೇ ಒಂದು ಸಾಲು ಬಿಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮಿಶರ ಮೂಲ ಸ್ವಿಟ್ಜರ್ಲೆಂಡ್ ಸೀಮೆಯ ಅನಾಬ್ಯಾಪ್ಟಿಸ್ಟರು, ಅಂದರೆ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಪಡೆಯುವ ಕ್ರೈಸ್ತರು. 1693ರಲ್ಲಿ ಯಾಕೋಬ್ ಅಮ್ಮನ್ ಕಟ್ಟುನಿಟ್ಟು ಸಾಲದು ಎಂದು ತನ್ನವರ ಜೊತೆ ಬೇರೆಯಾದ. ಮುಂದಿನ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಅಲ್ಲಿಂದ 1809ರಲ್ಲಿ ಮೊದಲಿಗರು ಈ ಗುಡ್ಡಗಳಿಗೆ. ಮನೆಯಲ್ಲಿ ಇವತ್ತಿಗೂ ಅವರ ಜರ್ಮನ್ ಮಾತೇ.

ಬರ್ಲಿನ್ ಊರಲ್ಲಿ ಪಾರ್ಕಿಂಗ್ ಸಿಗುವುದೇ ಕಷ್ಟ. ಮೇಣದಬತ್ತಿ, ಕೌದಿ, ಫಡ್ಜ್, ಎಲ್ಲದರ ಮೇಲೂ ಕುದುರೆ ಗಾಡಿಯ ಚಿತ್ರ. ನನ್ನ ಹೆಂಡತಿ ಪೀಚ್ ಪೈ ತಿಂದಳು, ಸಸ್ಯಾಹಾರಿಗೆ ಅದೇ ಊಟ. ನಂತರ 557ನೇ ರಸ್ತೆಗೆ ತಿರುಗಿದೆವು. ದಾರಿಯಲ್ಲೇ ಬೇಬಿ ಸ್ವಿಸ್ ಚೀಸ್‌ಗೆ ಹೆಸರಾದ ಗುಗ್ಗಿಸ್‌ಬರ್ಗ್ ಅಂಗಡಿ. ಮುಂದೆ ಚಾರ್ಮ್ ಅನ್ನುವ ಸಣ್ಣ ಊರು. ಅದನ್ನು ದಾಟಿ ಮಣ್ಣು ರಸ್ತೆಗಿಳಿದರೆ ಕೊಟ್ಟಿಗೆಯಂಥ ಬಿಳಿ ಕಟ್ಟಡ. ಬೋರ್ಡಿನಲ್ಲಿ ಇದ್ದದ್ದು ಅಂಗಡಿಯ ಸಮಯ ಮಾತ್ರ. ಕ್ಯಾಮೆರಾ ಕಾರಿನಲ್ಲೇ ಬಿಟ್ಟೆವು. ಫೋಟೊಕ್ಕೆ ನಿಂತು ಪೋಸ್ ಕೊಡುವುದು ಅವರಿಗೆ ಇಷ್ಟವಿಲ್ಲ.

ಒಳಗೆ ಚರ್ಮ, ಮೇಣ, ಎಣ್ಣೆಯ ವಾಸನೆ. ಮಾಡಿನಲ್ಲಿ ಕಿಂಡಿ ಇಟ್ಟು ಬೆಳಕು ತಂದಿದ್ದಾರೆ. ಗೋಡೆಯ ತುಂಬ ಕುದುರೆ ಕಾಲರ್, ಲಗಾಮು, ಬಕಲ್. ನಡುವೆ ನನ್ನ ಎದೆ ಎತ್ತರದ ಹೊಲಿಗೆ ಮಷೀನ್. ವೈರ್ ಇಲ್ಲ, ರಬ್ಬರ್ ಪೈಪ್ ಇದೆ. ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್ ಕಂಪ್ರೆಸರ್ ತಿರುಗಿಸುತ್ತದೆ, ಆ ಗಾಳಿ ಪೈಪಿನಲ್ಲಿ ಬಂದು ಮಷೀನ್ ಓಡಿಸುತ್ತದೆ. ಪೆಡಲ್ ಒತ್ತಿದರೆ ಮೊದಲು ಗಾಳಿಯ ಸುಯ್, ಆಮೇಲೆ ದಬ್ಬಳದಷ್ಟು ದಪ್ಪದ ಸೂಜಿಯ ಟಕ್ ಟಕ್.

ಆಮಿಶರು ಮಷೀನ್ ಮುಟ್ಟುವುದಿಲ್ಲ ಅನ್ನುವುದು ಪ್ರವಾಸಿಗರ ಕಥೆ. ಅವರಿಗೆ ಬೇಡವಾದದ್ದು ಹೊರಗಿನ ಕರೆಂಟ್ ಲೈನಿಗೆ ಮನೆಯನ್ನು ಕಟ್ಟಿಹಾಕುವುದು. ಯಾವುದು ಬರಬಹುದು, ಯಾವುದು ಬೇಡ ಎಂದು ಒಂದೊಂದು ಚರ್ಚ್ ಗುಂಪೂ ತಾನೇ ಕೂತು ತೀರ್ಮಾನಿಸುತ್ತದೆ. ಹಾಗಾಗಿ ಗುಡ್ಡದ ಈಚೆ ಇರುವುದು ಆಚೆ ಇರುವುದಿಲ್ಲ. ಇದನ್ನು ಹಳೇ ಕಾಲದ ಮ್ಯೂಸಿಯಂ ಥರ ನೋಡುವುದು ನನಗೆ ಸರಿ ಕಾಣುವುದಿಲ್ಲ. ನಾನು ನೋಡಿದ್ದು ಆರ್ಡರ್ ತುಂಬಿದ, ಲೆಕ್ಕ ಪಕ್ಕಾ ಇರುವ ಒಂದು ವರ್ಕ್‌ಶಾಪ್.

ಅಂಗಡಿಯಾತನಿಗೆ ಐವತ್ತರ ಮೇಲಿರಬಹುದು. ಗಡ್ಡ ಇದೆ, ಮೀಸೆ ಇಲ್ಲ. ಟೇಪ್ ತೆಗೆಯುತ್ತಾರೆ ಅಂದುಕೊಂಡೆ. ಅವರು ಕೈಚಾಚಿದ್ದು ಹಳೇ ಜಾಕೆಟ್ಟಿಗೆ. ಅದನ್ನು ಮೇಜಿನ ಮೇಲೆ ಹರಡಿ, ಕಿಂಡಿಯ ಬೆಳಕಿಗೆ ಎಳೆದು, ಸುಟ್ಟ ಕಲೆಗಳ ಮೇಲೆ ಬೆರಳಾಡಿಸಿದರು.

"ಬಲಗೈಯಲ್ಲಿ ಹೋಲ್ಡರ್. ಎಡ ಮೊಣಕೈ ಮೇಜಿಗೆ ಊರುತ್ತೀರಿ ಅಲ್ವಾ?"

ಹೌದು ಅಂದೆ.

"ತಲೆ ಮೇಲಿನ ಕೆಲಸ ಜಾಸ್ತಿ ಇರಬೇಕು. ಎಡ ಭುಜ ನೋಡಿ."

ಭುಜದ ಹೊಲಿಗೆಯ ಉದ್ದಕ್ಕೂ ಚುಕ್ಕಿ ಚುಕ್ಕಿ ತೂತು. ಕಂಕುಳಲ್ಲಿ ದಾರವೇ ಕರಗಿ ಹೋಗಿತ್ತು. ಬೆನ್ನು ತಿರುಗಿಸಿದರು. ಅಲ್ಲಿ ಒಂದು ಕಲೆಯೂ ಇಲ್ಲ. "ಇಲ್ಲಿ ಚರ್ಮ ಯಾಕೆ? ಬೆವರೋದಕ್ಕಾ? ಬೆಂಕಿ ಹಿಡಿಯದ ಹತ್ತಿ ಬಟ್ಟೆ ಹಾಕೋಣ." ಟೇಪ್ ಹೊರಗೆ ಬಂದದ್ದು ಅದಾದ ಮೇಲೆ. ಅದೂ ಸುಮ್ನೆ ನಿಲ್ಲಿಸಿ ಅಳೆಯಲಿಲ್ಲ. ಕೈಗೆ ಒಂದು ಕೋಲು ಕೊಟ್ಟು, ವೆಲ್ಡಿಂಗ್ ಮಾಡುವ ಹಾಗೆ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ತಲೆ ಮೇಲೆ ಕೈ ಎತ್ತಿ ಅಂದರು. ಕೈ ಎತ್ತಿದಾಗ ಮಣಿಕಟ್ಟು ಎಲ್ಲಿ ಬಯಲಾಗುತ್ತದೋ ಅಲ್ಲಿಗೆ ಚಾಕ್ ಗುರುತು. ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತು ನಗು ತಡೆದುಕೊಳ್ಳುತ್ತಿದ್ದಳು.

ಗೋಡೆಯಲ್ಲಿದ್ದ ಕಪ್ಪು ಹೊಳೆಯುವ ಚರ್ಮ ತೋರಿಸಿ ಅದೇ ಆಗಬಹುದಾ ಎಂದು ಕೇಳಿದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಅದರದ್ದೊಂದು ತುಂಡು, ಬೂದು ಬಣ್ಣದ ಮೆತ್ತನೆ ಚರ್ಮದ್ದೊಂದು ತುಂಡು ಎತ್ತಿಕೊಂಡು ಪಕ್ಕದ ಶೆಡ್ಡಿಗೆ ಹೊರಟರು. ಅದು ಅವರ ಬಾವಮೈದುನನ ವೆಲ್ಡಿಂಗ್ ಶಾಪ್. ಕುದುರೆ ಎಳೆಯುವ ನೇಗಿಲು, ಗಾಡಿಯ ಅಚ್ಚು ರಿಪೇರಿ. ಎಂಜಿನ್ನಿನಿಂದ ಓಡುವ ವೆಲ್ಡಿಂಗ್ ಸೆಟ್. ಎರಡೂ ತುಂಡನ್ನು ಕೆಳಗಿಟ್ಟು ಮೇಲೆ ಒಂದು ರಾಡ್ ಉರಿಸಿದರು. ಕಪ್ಪು ತುಂಡು ಹೊಗೆಯಾಡಿತು, ಹಪ್ಪಳದ ಹಾಗೆ ಸುರುಟಿಕೊಂಡಿತು, ಮುಟ್ಟಿದರೆ ಗಟ್ಟಿ. ಬೂದು ತುಂಡಿನ ಮೇಲೆ ಕರಿ ಚುಕ್ಕಿ ಬಿದ್ದವು ಅಷ್ಟೇ. ಹಿಂಡಿದರೆ ಅದೇ ಮೆತ್ತಗೆ.

ವಿಷಯ ಇಷ್ಟು. ಕುದುರೆ ಸಾಮಾನಿನ ಚರ್ಮವನ್ನು ಮರದ ತೊಗಟೆಯ ರಸದಲ್ಲಿ ಹದ ಮಾಡುತ್ತಾರೆ. ನಮ್ಮ ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರಲ್ಲ, ಅದೇ ಜಾತಿ. ಅದರ ಮೇಲೆ ಮಳೆ ತಡೆಯಲಿ ಎಂದು ಕೊಬ್ಬು, ಮೇಣ, ಎಣ್ಣೆ ಕುಡಿಸಿರುತ್ತಾರೆ. ಮಳೆಗೆ ಒಳ್ಳೆಯದು, ಬೆಂಕಿಗೆ ಅಲ್ಲ. ವೆಲ್ಡಿಂಗ್‌ಗೆ ಬೇಕಾದದ್ದು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಅದು ಶಾಖಕ್ಕೆ ಅಷ್ಟು ಬೇಗ ಕುಗ್ಗುವುದಿಲ್ಲ. ಇಲ್ಲಿ ಚರ್ಮದ ದಪ್ಪವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಒಂದು ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿಲಿಮೀಟರ್. ನನ್ನ ಜಾಕೆಟ್ಟಿಗೆ 4 ಔನ್ಸ್, ಏಪ್ರನ್ನಿಗೆ ಇನ್ನೂ ದಪ್ಪ ಎಂದು ಗೊತ್ತುಮಾಡಿದೆವು. ಊರಲ್ಲಿ ಅಮ್ಮ ಫೋನಿನಲ್ಲಿ ಕೇಳಿದ್ದು ಮಾತ್ರ ಔನ್ಸ್ ಅಲ್ಲ, "ಯಾವ ಪ್ರಾಣಿದು?" ಅಂತ. ನಾನು ಮಾತು ಬದಲಾಯಿಸಿದೆ.

ಇನ್ನೊಂದು ಕಾರ್ಡ್ ಬಂದ ಮೇಲೆ ಮತ್ತೆ ಹೋದೆವು. ಆಗ ಎಲೆ ಕೆಂಪಾಗುವ ಕಾಲ, ಬರ್ಲಿನ್‌ನಲ್ಲಿ ಇನ್ನೂ ಜನ.

ಜಾಕೆಟ್ ಹಾಕಿಕೊಂಡೆ. ಕೈ ಎತ್ತಿದೆ. ಮಣಿಕಟ್ಟು ಮುಚ್ಚಿಯೇ ಇತ್ತು, ಬೆರಳು ಹೊರಗೇ ಇತ್ತು. ಎಡತೋಳಿಗೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಎರಡು ಪದರ. ಭುಜದ ಹೊಲಿಗೆಯನ್ನು ಬೆನ್ನ ಕಡೆಗೆ ಸರಿಸಿದ್ದಾರೆ. ಪದರದ ಅಂಚುಗಳೆಲ್ಲ ಕೆಳಮುಖ, ಬಿದ್ದ ಕಿಡಿ ಜಾರಿ ಹೋಗಬೇಕು. ಜೇಬೇ ಇಲ್ಲ. ಗುಂಡಿಗಳ ಮೇಲೆ ಚರ್ಮದ ಪಟ್ಟಿ. ರಿವೆಟ್ಟಿನ ಒಳಬದಿಗೂ ಒಂದು ತುಂಡು ಚರ್ಮ, ಕಾದ ಲೋಹ ಮೈಗೆ ತಾಗಬಾರದಲ್ಲ. ದಾರ ಹಳದಿ ಬಣ್ಣದ ಕೆವ್ಲಾರ್, ಶಾಖ ತಡೆಯುವ ಕೃತಕ ನಾರು. ನೈಲಾನ್ ಹಾಗೆ ಕರಗುವುದಿಲ್ಲ. ಆದರೆ ಅದು ಎಲ್ಲೂ ಹೊರಗೆ ಕಾಣುತ್ತಿರಲಿಲ್ಲ. ಕೇಳಿದ್ದಕ್ಕೆ, "ಬೆಂಕಿಗೆ ಹೆದರಲ್ಲ, ಬೆಳಕಿಗೆ ಸೋಲುತ್ತೆ" ಅಂದರು. ನಿಜ. ಕೆವ್ಲಾರ್ ಅಲ್ಟ್ರಾವಯಲೆಟ್‌ಗೆ ನಿಧಾನವಾಗಿ ಸವೆಯುತ್ತದೆ, ವೆಲ್ಡಿಂಗ್ ಆರ್ಕ್ ಉಗುಳುವುದೇ ಅದನ್ನು. ಎಂಜಿನಿಯರಿಂಗ್ ಓದಿದ ನನಗೆ ಅದು ಹೊಳೆದಿರಲಿಲ್ಲ. ಆಮಿಶ್ ಮಕ್ಕಳ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ.

ಎಣ್ಣೆ ಹಚ್ಚಿ ಇಟ್ಟುಕೊಳ್ಳಲಾ ಎಂದಾಗ ಮಾತ್ರ ದನಿ ಸ್ವಲ್ಪ ಏರಿತು. ಹಚ್ಚಲೇಬೇಡಿ ಅಂದರು. ಗ್ಯಾಸ್ ಕಟಿಂಗ್ ಮಾಡುವ ಕಡೆ ಆಕ್ಸಿಜನ್ ಮತ್ತು ಎಣ್ಣೆ ಒಟ್ಟಿಗೆ ಬಂದರೆ ಭಗ್ಗನೆ ಹೊತ್ತಿಕೊಳ್ಳಬಹುದು. ಒಣ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಒದ್ದೆಯಾದರೆ ನೆರಳಲ್ಲಿ ಒಣಗಿಸಬೇಕು, ಒದ್ದೆ ಚರ್ಮ ಕರೆಂಟ್ ಹಾಯಿಸುತ್ತದೆ.

ಎರಡಕ್ಕೂ ಸೇರಿ 340 ಡಾಲರ್ ಆಯಿತು. ಚೆಕ್ ಅಥವಾ ನಗದು, ಕಾರ್ಡ್ ಇಲ್ಲ. ಅಂಗಡಿಯ ರೆಡಿಮೇಡ್ ಇದರ ಮೂರನೇ ಒಂದು ಭಾಗಕ್ಕೇ ಸಿಗುತ್ತದೆ. ತಿಂಗಳಿಗೊಮ್ಮೆ ಗೇಟ್ ರಿಪೇರಿ ಮಾಡುವವರಿಗೆ ಅದೇ ಸಾಕು. ದಿನಾ ಕಿಡಿಯ ಕೆಳಗೆ ನಿಲ್ಲುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಕಂಪನಿ ಕೆಲಸಕ್ಕಾದರೆ ಮೊದಲು ಸೇಫ್ಟಿಯವರನ್ನು ಕೇಳಿ. ಹೀಗೆ ಹೊಲಿಸಿಕೊಂಡ ಜಾಕೆಟ್ಟಿಗೆ ವೆಲ್ಡಿಂಗ್ ಬಟ್ಟೆಯ ಸುರಕ್ಷತೆಗೆ ಇರುವ ಐಎಸ್‌ಒ 11611 ಥರದ ಲೇಬಲ್ ಇರುವುದಿಲ್ಲ. ಕೆಲವು ಕಡೆ ಗೇಟಿನಲ್ಲೇ ತಡೆಯುತ್ತಾರೆ.

ಗ್ಲೌಸ್ ಕೂಡ ಹೊಲಿಯುತ್ತೀರಾ ಎಂದು ಕೇಳಿದೆ. ಇಲ್ಲವಂತೆ. ಬೆರಳಿನ ಸಂದಿ ಹೊಲಿಯಲು ಬೇರೆ ಮಷೀನ್ ಬೇಕು, ಅಂಗಡಿಯವೇ ಚೆನ್ನಾಗಿರುತ್ತವೆ ಎಂದು ಶೆಲ್ಫಿನಿಂದ ಒಂದು ಜೊತೆ ತೆಗೆದುಕೊಟ್ಟರು. ಲೇಬಲ್‌ನಲ್ಲಿ ಮೇಡ್ ಇನ್ ಇಂಡಿಯಾ. ಕೈಗಾರಿಕೆಯ ಚರ್ಮದ ಗ್ಲೌಸ್‌ಗೆ ಕೋಲ್ಕತ್ತ ಮೊದಲಿನಿಂದಲೂ ದೊಡ್ಡ ಊರು. ಅವನ್ನೂ ಕೊಂಡೆ.

ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಚಳಿಗಾಲದ ಕೊನೆಯಲ್ಲಿ ಆರ್ಡರ್ ಕೊಡಬೇಡಿ. ಉಳುಮೆಗೆ ಮುಂಚೆ ಸುತ್ತಲಿನ ರೈತರ ಕುದುರೆ ಸಾಮಾನೆಲ್ಲ ರಿಪೇರಿಗೆ ಬಂದು ಬೀಳುತ್ತದೆ. ಆಗ ಕುದುರೆಗಳದ್ದು ಮೊದಲು, ವೆಲ್ಡರ್‌ಗಳದ್ದು ಆಮೇಲೆ.