ಭಯ ಆಗುತ್ತದೆ, ಆದರೆ ಆನೆಯದಲ್ಲ

"ಡಾಕ್ಟ್ರೇ, ರಾತ್ರಿ ಹೊತ್ತು ಒಬ್ಬರೇ ಹೋಗ್ತೀರಲ್ಲ, ಭಯ ಆಗಲ್ವಾ?"

ಮಡಿಕೇರಿಯಲ್ಲಿ ರಾತ್ರಿ ಪಾಳಿ ನನ್ನದು. ಫೋನ್ ಬಂದರೆ ಮನೆಗೇ ಹೋಗಿ ರೋಗಿಯನ್ನು ನೋಡುತ್ತೇನೆ. ಮದುವೆ ಮನೆ, ಬ್ಯಾಂಕು, ಮೀನಿನ ಅಂಗಡಿ, ಎಲ್ಲಿ ಹೋದರೂ ಈ ಪ್ರಶ್ನೆ ಕಾದು ಕೂತಿರುತ್ತದೆ. ಕೆಲವರು 'ಹೆಂಗಸಾಗಿ' ಅಂತ ಬೇರೆ ಸೇರಿಸುತ್ತಾರೆ. ಇನ್ನೇನಾಗಿ ಹೋಗಲಿ? ಉಳಿದವರಿಗೆ ಆನೆ ಬೇಕು. "ಸಿದ್ದಾಪುರದ ಕಡೆ ಆನೆ ಸಿಗಲ್ವಾ?" ಸಿಕ್ಕಿದೆ, ಒಂದು ಸಲ. ಕಾರು ಹಿಂದಕ್ಕೆ ತೆಗೆದು ಕಾದೆ. ಅದು ತೋಟಕ್ಕೆ ಇಳಿಯಿತು. ಕಥೆ ಅಷ್ಟೇ. ಕೇಳಿದವರ ಮುಖ ಸಪ್ಪಗಾಗುತ್ತದೆ.

ನನಗಿರುವುದು ನಾಯಿಯ ಭಯ. ತೋಟದ ಮನೆಗಳಲ್ಲಿ ರಾತ್ರಿ ನಾಯಿ ಬಿಟ್ಟಿರುತ್ತಾರೆ. ಡಾಕ್ಟರ್ ಬರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ನಾಯಿಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ಕಕ್ಕಡದ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಿನ, ಒಂದು ರಾತ್ರಿ, 2 ಗಂಟೆ. ಮೂರ್ನಾಡಿನ ಕಡೆ ಒಂದು ಮನೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಅಜ್ಜನಿಗೆ ಪ್ರಜ್ಞೆ ಇಲ್ಲ, ಮೈಯೆಲ್ಲ ತಣ್ಣನೆ ಬೆವರು. ಸ್ಟ್ರೋಕ್ ಅಂತ ಮನೆಯವರು ಅಳುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಶುಗರ್ 34, ತೀರಾ ಕಡಿಮೆ. ಸಂಜೆ ಶುಗರ್ ಮಾತ್ರೆ ನುಂಗಿ, ಹಸಿವಿಲ್ಲ ಅಂತ ಊಟ ಬಿಟ್ಟಿದ್ದರಂತೆ. ಮೊಮ್ಮಗ ಮೊಬೈಲ್ ಟಾರ್ಚ್ ಹಿಡಿದ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಬೆಳಕು ಅಜ್ಜನ ತೋಳಿಗಿಂತ ಗೋಡೆಯ ಕೋವಿಯ ಮೇಲೇ ಜಾಸ್ತಿ ಬೀಳುತ್ತಿತ್ತು. ಹೇಗೋ ನರ ಸಿಕ್ಕಿತು. 25% ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, 100 ಎಂಎಲ್ ನಿಧಾನಕ್ಕೆ ಹಾಕಿದೆ. ಬಾಟಲಿ ಖಾಲಿಯಾಗುವ ಮುಂಚೆ ಅಜ್ಜ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಈ ಮಳೇಲಿ ಒಬ್ಬಳೇ ಬಂದ್ಯಾ ಮಗಳೇ? ಭಯ ಆಗ್ಲಿಲ್ವಾ?"

ನೀವೂನಾ ಅಜ್ಜಾ!

ಆಗಿತ್ತು, ಸುಳ್ಳೇಕೆ. ದಿಂಬು ಒದ್ದೆಯಾಗಿತ್ತು. ಪ್ರಜ್ಞೆ ಇಲ್ಲದವರ ಬಾಯಿಗೆ ಯಾರೋ ಬಿಸಿ ಕಾಫಿ ಹುಯ್ದಿದ್ದರು. ಅದು ಶ್ವಾಸಕೋಶಕ್ಕೆ ಇಳಿದಿದ್ದರೆ? ಆ ಮಾತ್ರೆಯ ಪ್ರಭಾವ ಬೇಗ ಮುಗಿಯುವುದೂ ಇಲ್ಲ, ಶುಗರ್ ಮತ್ತೆ ಇಳಿಯಬಹುದು. "ಎದ್ದು ಮಾತಾಡ್ತಿದ್ದಾರಲ್ಲ" ಅಂತ ಮನೆಯವರು ರಾಗ ಎಳೆದರೂ ಜೀಪಿನಲ್ಲಿ ಆಸ್ಪತ್ರೆಗೆ ಹೊರಡಿಸಿದೆ.

ಅವರು ಫೋನಿನಲ್ಲೇ ಒಂದು ಮಾತು ಕೇಳಬಹುದಿತ್ತು: "ನೀವು ಬರುವ ತನಕ ನಾವೇನು ಮಾಡೋದು?" ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಕಡಿಮೆ. ಕೇಳದಿದ್ದರೂ ಹೇಳುತ್ತೇನೆ. ಪ್ರಜ್ಞೆ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಸಕ್ಕರೆ ನೀರು ಎಚ್ಚರ ಇದ್ದು ನುಂಗಬಲ್ಲವರಿಗೆ ಮಾತ್ರ. ಎದೆನೋವು, ಹಾವು ಕಡಿತ, ಬಾಯಿ ಸೊಟ್ಟಗಾಗುವುದು, ಇದಕ್ಕೆಲ್ಲ ನನ್ನನ್ನು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸ್ಟ್ರೋಕ್ ಆದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಆ ಮೆಷಿನ್ ನನ್ನ ಬ್ಯಾಗಿನಲ್ಲಿ ಹಿಡಿಸಲ್ಲ.

ನುಂಗುವ ಮಾತ್ರೆಗಳ ಸ್ಟ್ರಿಪ್ ಎಲ್ಲ ತೆಗೆದಿಡಿ. 'ಬಿಳಿ ಮಾತ್ರೆ' ಅಂದರೆ ನನಗೇನು ಗೊತ್ತಾಗಬೇಕು? ಒಬ್ಬರು ಟಾರ್ಚ್ ಹಿಡಿದು ಗೇಟಿನ ಹತ್ತಿರ ನಿಲ್ಲಿ. ಮತ್ತೆ ನಾಯಿ ಕಟ್ಟಿ. "ಏನೂ ಮಾಡಲ್ಲ ಡಾಕ್ಟ್ರೇ, ಸುಮ್ನೆ ಬೊಗಳುತ್ತೆ" ಅನ್ನಬೇಡಿ. ಹಾಗಂದ ಒಂದು ಮನೆಗೆ ಹೋಗಿ ಬಂದ ಮೇಲೆ ರೇಬೀಸ್ ಇಂಜೆಕ್ಷನ್ನಿನ ಪೂರ್ತಿ ಕೋರ್ಸ್ ಹಾಕಿಸಿಕೊಂಡಿದ್ದೇನೆ.